ಶವದಿಂದ ಊರಿನವರೆಗಿನ ಅಳತೆ: ಗ್ವಾಟೆಮಾಲಾ ಸಭೆಯ ಸತ್ಯವರದಿಯ ಒಂದು ವಿಮರ್ಶೆ

ಧರ್ಮೋಪದೇಶಕಾಂಡದ 21ನೆಯ ಅಧ್ಯಾಯದ ಆರಂಭದಲ್ಲಿರುವ ಒಂದು ವಿಧಿಯನ್ನು ನಮ್ಮ ಪ್ರಸಂಗಪೀಠಗಳು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಬಯಲಿನಲ್ಲಿ ಹತನಾದವನೊಬ್ಬನ ಶವ ಸಿಕ್ಕಿದೆ. ಕೊಂದವರು ಯಾರೆಂದು ಗೊತ್ತಿಲ್ಲ. ಆಗ ಹಿರಿಯರೂ ನ್ಯಾಯಾಧಿಪತಿಗಳೂ ಹೊರಟುಬಂದು, ಶವ ಬಿದ್ದ ಸ್ಥಳದಿಂದ ಸುತ್ತಮುತ್ತಲ ಊರುಗಳಿಗೆ ಎಷ್ಟು ದೂರವೆಂದು ಅಳೆಯಬೇಕು. ತೀರ ಹತ್ತಿರವಿರುವ ಊರಿನ ಹಿರಿಯರು ನೊಗ ಹೊರದ ಕಡಸನ್ನು ಹರಿಯುವ ನೀರಿನ ಕಣಿವೆಗೆ ಒಯ್ದು, ಅದರ ಕುತ್ತಿಗೆ ಮುರಿದು, ಅದರ ಮೇಲೆ ಕೈತೊಳೆದುಕೊಂಡು, ಈ ರಕ್ತವನ್ನು ತಾವು ಸುರಿಸಿದವರಲ್ಲ, ಸುರಿಸುವುದನ್ನು ಕಂಡವರೂ ಅಲ್ಲ ಎಂದು ಅರಿಕೆ ಮಾಡಬೇಕು. ಆಮೇಲೆ ಜನರಿಗಾಗಿ ದೋಷಪರಿಹಾರದ ಪ್ರಾರ್ಥನೆ.

ಈ ವಿಧಿಯ ಕ್ರಮ ಗಮನಾರ್ಹವಾದದ್ದು. ಅಳತೆ ಮೊದಲು, ಪ್ರಾರ್ಥನೆ ಆಮೇಲೆ. ಅನಾಮಧೇಯ ಶವವೂ ಯಾವುದಾದರೊಂದು ಊರಿನ ಲೆಕ್ಕಕ್ಕೆ ಸೇರಲೇಬೇಕು. ಯಾರಿಗೂ ಸೇರದ ರಕ್ತವೆಂಬುದು ದೇವರ ದೇಶದಲ್ಲಿಲ್ಲ. ಆದರೆ ಇದೇ ವಿಧಿ ಒಂದು ವಿಷಯವನ್ನು ನಿರ್ವಿವಾದವೆಂದು ಭಾವಿಸಿಕೊಂಡಿದೆ. ಅಳೆಯಲು ಬರುವ ಹಿರಿಯರ ಕೈಗಳು ಶುದ್ಧವಾಗಿವೆ ಎಂಬುದೇ ಅದು. ಅಳತೆಯ ಹಗ್ಗ ಹಿಡಿದವರೇ ಕೊಂದವರಾಗಿದ್ದರೆ ಏನು ಮಾಡಬೇಕು? ಪ್ರಜೆಗಳ ಪ್ರಾಣರಕ್ಷಣೆಗೆಂದು ನೇಮಿತವಾದ ಸರ್ಕಾರವೇ ಶವಗಳನ್ನು ಬಯಲಿನಲ್ಲಿ ಬಿಟ್ಟಾಗ ಆ ದೂರವನ್ನು ಅಳೆಯುವವರು ಯಾರು?

ಈ ಪ್ರಶ್ನೆಗೆ ಸಭೆಯೊಂದು ಕೊಟ್ಟ ಉತ್ತರವೆಂದು, ಗ್ವಾಟೆಮಾಲಾದ ಕಥೋಲಿಕ ಸಭೆ 1998ರಲ್ಲಿ ಪ್ರಕಟಿಸಿದ ‘ಗ್ವಾಟೆಮಾಲಾ: ನುಂಕಾ ಮಾಸ್’ ಎಂಬ ನಾಲ್ಕು ಸಂಪುಟಗಳ ವರದಿಯನ್ನು ಓದಬಹುದು. ‘ಇನ್ನೆಂದಿಗೂ ಬೇಡ’ ಎಂಬುದು ಆ ಶೀರ್ಷಿಕೆಯ ಅರ್ಥ. ಮರುವರ್ಷ ಅದರ ಸಂಕ್ಷಿಪ್ತ ರೂಪ ಇಂಗ್ಲಿಷಿನಲ್ಲಿಯೂ ಬಂದುದರಿಂದ ನಮ್ಮ ಗ್ರಂಥಾಲಯಗಳ ಮೂಲಕ ಅದು ನಮಗೂ ನಿಲುಕುವಂತಹದು. ಅದನ್ನು ಹೊಗಳುವುದು ಸುಲಭ. ಅದಕ್ಕಾಗಿ ಪ್ರಾಣ ತೆತ್ತವರಿರುವಾಗ ವಿಮರ್ಶಿಸುವುದು ಕಷ್ಟ. ಆದರೂ ಸಭೆ ಸರ್ಕಾರವನ್ನು ಪ್ರಶ್ನಿಸುವ ಬಗೆ ಹೇಗಿರಬೇಕೆಂದು ಕಲಿಯಬಯಸುವವರು ಈ ವರದಿಯ ಬಲದಿಂದ ಕಲಿತಷ್ಟನ್ನೇ ಅದರ ಮೌನದಿಂದಲೂ ಕಲಿಯಬೇಕಾಗಿದೆ ಎಂಬುದು ಈ ಲೇಖನದ ವಾದ.

ವರದಿ ಹುಟ್ಟಿದ ಬಗೆ

ಗ್ವಾಟೆಮಾಲಾದಲ್ಲಿ 1960ರಿಂದ 1996ರವರೆಗೆ ಸೈನ್ಯಕ್ಕೂ ಎಡಪಂಥೀಯ ಗೆರಿಲ್ಲಾ ಪಡೆಗಳಿಗೂ ನಡುವೆ ಆಂತರಿಕ ಯುದ್ಧ ನಡೆಯಿತು. ಅದರ ಹೊಡೆತ ಬಿದ್ದದ್ದು ಹೆಚ್ಚಾಗಿ ಬೆಟ್ಟಸೀಮೆಯ ಮಾಯಾ ಮೂಲನಿವಾಸಿಗಳ ಹಳ್ಳಿಗಳ ಮೇಲೆ. ಶಾಂತಿ ಮಾತುಕತೆಗಳ ಅಂಗವಾಗಿ 1994ರ ಜೂನ್‌ನಲ್ಲಿ ಓಸ್ಲೋದಲ್ಲಿ ಆದ ಒಪ್ಪಂದದಂತೆ, ಯುದ್ಧಕಾಲದ ದೌರ್ಜನ್ಯಗಳನ್ನು ಪರಿಶೀಲಿಸಲು ಒಂದು ಸತ್ಯ ಆಯೋಗ ರಚನೆಯಾಗಬೇಕಾಗಿತ್ತು. ಆದರೆ ಆ ಒಪ್ಪಂದವೇ ಆಯೋಗದ ಕೈಗಳನ್ನು ಕಟ್ಟಿತ್ತು. ತಪ್ಪಿತಸ್ಥರೆಂದು ಯಾವ ವ್ಯಕ್ತಿಯನ್ನೂ ಅದು ಹೆಸರಿಸುವಂತಿರಲಿಲ್ಲ. ಅದರ ನಿರ್ಣಯಗಳಿಗೆ ನ್ಯಾಯಾಲಯದಲ್ಲಿ ಯಾವ ಪರಿಣಾಮವೂ ಇರತಕ್ಕದ್ದಲ್ಲವೆಂದು ಬರೆಯಲಾಗಿತ್ತು.

ಆಗ ಗ್ವಾಟೆಮಾಲಾ ನಗರದ ಸಹಾಯಕ ಬಿಷಪರಾಗಿದ್ದ ಹುವಾನ್ ಹೆರಾರ್ದಿಯವರ ನೇತೃತ್ವದಲ್ಲಿ, ಮಹಾಧರ್ಮಪ್ರಾಂತ್ಯದ ಮಾನವ ಹಕ್ಕುಗಳ ಕಚೇರಿ 1995ರಲ್ಲಿ ‘ಐತಿಹಾಸಿಕ ಸ್ಮೃತಿಯ ಪುನಃಪ್ರಾಪ್ತಿ’ ಎಂಬ ಯೋಜನೆಯನ್ನು ಕೈಗೆತ್ತಿಕೊಂಡಿತು. ಹೆರಾರ್ದಿಯವರಿಗೆ ಆ ನೆಲದ ಪರಿಚಯ ಪುಸ್ತಕದಿಂದ ಬಂದದ್ದಾಗಿರಲಿಲ್ಲ. 1974ರಿಂದ ಅವರು ಕಿಚೆ ಪ್ರಾಂತ್ಯದ ಬಿಷಪರಾಗಿದ್ದವರು. ಅಲ್ಲಿ ಪಾದ್ರಿಗಳೂ ಉಪದೇಶಿಗಳೂ ಒಬ್ಬೊಬ್ಬರಾಗಿ ಕೊಲೆಯಾಗತೊಡಗಿದಾಗ, 1980ರಲ್ಲಿ ತಮ್ಮ ಧರ್ಮಪ್ರಾಂತ್ಯವನ್ನೇ ಮುಚ್ಚಿ, ಪಾದ್ರಿಗಳನ್ನೂ ಕನ್ಯಾಸ್ತ್ರೀಯರನ್ನೂ ಹೊರಕ್ಕೆ ಕರೆತಂದಿದ್ದರು. ಅದೇ ವರ್ಷ ರೋಮಿಗೆ ಹೋಗಿ ಮರಳಿದಾಗ ಅವರಿಗೆ ದೇಶದೊಳಗೆ ಪ್ರವೇಶ ಸಿಗಲಿಲ್ಲ; ಕೋಸ್ಟಾರಿಕಾದಲ್ಲಿ ಪರದೇಶವಾಸ ಅನುಭವಿಸಬೇಕಾಯಿತು. ಕುರಿಗಳನ್ನು ಬಿಟ್ಟು ಬಂದ ಕುರುಬನೆಂಬ ನೋವು ಅವರನ್ನು ಕಾಡಿದ್ದರೆ ಆಶ್ಚರ್ಯವಿಲ್ಲ.

ಸಭೆಯ ನೂರಾರು ಮಂದಿ ಸಾಮಾನ್ಯ ವಿಶ್ವಾಸಿಗಳು ತರಬೇತಿ ಪಡೆದು, ಧ್ವನಿಮುದ್ರಣ ಯಂತ್ರಗಳನ್ನು ಹಿಡಿದು ಹಳ್ಳಿಗಳಿಗೆ ಹೋದರು. ಐದು ಸಾವಿರಕ್ಕೂ ಹೆಚ್ಚು ಸಾಕ್ಷ್ಯಗಳನ್ನು ಸಂಗ್ರಹಿಸಿದರು. 1998ರ ಏಪ್ರಿಲ್ 24ರಂದು ರಾಜಧಾನಿಯ ಕಥೀಡ್ರಲ್‌ನಲ್ಲಿ ಹೆರಾರ್ದಿಯವರು ವರದಿಯನ್ನು ಬಿಡುಗಡೆ ಮಾಡಿದರು. ಏಪ್ರಿಲ್ 26ರ ರಾತ್ರಿ, ಸಾನ್ ಸೆಬಾಸ್ಟಿಯನ್ ದೇವಾಲಯದ ವಸತಿಗೃಹದ ವಾಹನಶಾಲೆಯಲ್ಲಿ, ಅವರ ತಲೆಯನ್ನು ಕಾಂಕ್ರೀಟ್ ತುಂಡಿನಿಂದ ಜಜ್ಜಿ ಕೊಲ್ಲಲಾಯಿತು.

ವರದಿ ಅಳೆದ ಬಗೆ

ಈ ವರದಿಯ ಮೊದಲ ಹಿರಿಮೆ ಅದರ ಸಂಪುಟಗಳ ಕ್ರಮದಲ್ಲಿಯೇ ಇದೆ. ಸರ್ಕಾರಿ ಆಯೋಗಗಳ ವರದಿಗಳು ಸಾಮಾನ್ಯವಾಗಿ ಇತಿಹಾಸ, ಕಾನೂನು, ಘಟನೆ ಎಂಬ ಕ್ರಮದಲ್ಲಿ ಸಾಗಿ, ಕೊನೆಗೆ ಅನುಬಂಧದಲ್ಲಿ ನೊಂದವರ ಮಾತಿಗೆ ಜಾಗ ಕೊಡುತ್ತವೆ. ಇಲ್ಲಿ ಮೊದಲ ಸಂಪುಟವೇ ಹಿಂಸೆಯ ಪರಿಣಾಮಗಳನ್ನು ಕುರಿತದ್ದು: ಸತ್ತವರಿಗಾಗಿ ಅಳಲೂ ಆಗದೆ ಉಳಿದವರು, ಕಾಡಿನಲ್ಲಿ ಅಡಗಿ ಹಸಿವಿನಿಂದ ಮಕ್ಕಳನ್ನು ಕಳೆದುಕೊಂಡವರು, ಉತ್ತರಕ್ರಿಯೆಯಿಲ್ಲದೆ ಮಣ್ಣು ಸೇರಿದವರ ಮನೆಯವರು. ಎರಡನೆಯ ಸಂಪುಟ ಆ ಹಿಂಸೆಯನ್ನು ನಡೆಸಿದ ಯಂತ್ರವನ್ನು ಬಿಚ್ಚಿಡುತ್ತದೆ. ಇತಿಹಾಸ ಬರುವುದು ಮೂರನೆಯದರಲ್ಲಿ. ನಾಲ್ಕನೆಯದು ಹತರಾದವರಿಗೂ ನೊಂದವರಿಗೂ ಮೀಸಲಾದ ಸಂಪುಟ. ವಾದಕ್ಕಿಂತ ಮುಂಚೆ ಪ್ರಲಾಪ ಬರುವ ಈ ಕ್ರಮ ಸತ್ಯವೇದದ ಕ್ರಮವೂ ಹೌದು. ಆದಿಕಾಂಡ 4ರಲ್ಲಿ ದೇವರು ಕಾಯಿನನನ್ನು ವಿಚಾರಿಸುವುದು ಹೇಬೆಲನ ರಕ್ತದ ಕೂಗನ್ನು ಕೇಳಿದ ಮೇಲೆಯೇ.

ಎರಡನೆಯ ಹಿರಿಮೆ, ಕೇಳುವ ರೀತಿ. ಸಾಕ್ಷ್ಯಗಳಲ್ಲಿ ಹೆಚ್ಚಿನವು ಮಾಯಾ ಭಾಷೆಗಳಲ್ಲಿಯೇ ದಾಖಲಾದವು. ಯಾವ ಭಾಷೆಯಲ್ಲಿ ಅಳುತ್ತಾರೋ ಆ ಭಾಷೆಯಲ್ಲಿಯೇ ಸಾಕ್ಷ್ಯ ಹೇಳಲು ಬಿಡುವುದು ಕೇವಲ ಅನುಕೂಲದ ವಿಷಯವಲ್ಲ. ಅದು ಗೌರವದ ವಿಷಯ. ಏನಾಯಿತು, ಯಾರು ಮಾಡಿದರು ಎಂಬುದರ ಜೊತೆಗೆ, ಅದರಿಂದ ನಿಮ್ಮ ಬದುಕಿಗೆ ಏನಾಯಿತು, ನೀವು ಅದನ್ನು ಹೇಗೆ ಎದುರಿಸಿದಿರಿ ಎಂಬ ಪ್ರಶ್ನೆಗಳೂ ಇದ್ದವು. ಹೀಗಾಗಿ ಸಾಕ್ಷಿಯು ಮಾಹಿತಿಯ ಮೂಲವಾಗಿ ಮಾತ್ರ ಉಳಿಯದೆ ತನ್ನ ಬಾಳನ್ನು ತಾನೇ ಅರ್ಥೈಸುವ ಮನುಷ್ಯನಾಗಿ ಕಾಣಿಸಿಕೊಳ್ಳುತ್ತಾನೆ.

ಮೂರನೆಯದು ನಮ್ಮ ಪಾಪಶಾಸ್ತ್ರಕ್ಕೆ ನೇರವಾಗಿ ಸಂಬಂಧಿಸಿದ್ದು. ಸೈನ್ಯವು ಹಳ್ಳಿಯ ಗಂಡಸರನ್ನೇ ‘ನಾಗರಿಕ ಆತ್ಮರಕ್ಷಣಾ ಗಸ್ತು’ ಎಂಬ ಪಡೆಗಳಿಗೆ ಬಲವಂತವಾಗಿ ಸೇರಿಸಿ, ನೆರೆಯವರ ಮೇಲೆ ಕಣ್ಣಿಡಿಸಿತು. ಅನೇಕ ಕಡೆ ನೆರೆಯವರ ಕೈಯಿಂದಲೇ ನೆರೆಯವರನ್ನು ಕೊಲ್ಲಿಸಿತು. ಅಂಥವರಲ್ಲಿ ಕೆಲವರೂ ಈ ಯೋಜನೆಯ ಮುಂದೆ ಬಂದು ತಾವು ಮಾಡಿದ್ದನ್ನು ಹೇಳಿಕೊಂಡರು. ಪಾಪವನ್ನು ಒಬ್ಬ ವ್ಯಕ್ತಿಯ ಹೃದಯದೊಳಗೆ ಮಾತ್ರ ಹುಡುಕುವ ನಮ್ಮ ಅಭ್ಯಾಸಕ್ಕೆ ಈ ಪುಟಗಳು ಸವಾಲಾಗಿವೆ. ಇಲ್ಲಿ ಪಾಪಕ್ಕೆ ಕಚೇರಿಯಿದೆ, ಆದೇಶದ ಸರಪಳಿಯಿದೆ, ತರಬೇತಿಯಿದೆ, ಬಡ್ತಿಯಿದೆ. ಹಾಗೆಂದು ವ್ಯಕ್ತಿಯ ಹೊಣೆ ಕರಗಿಹೋಗುವುದಿಲ್ಲ. ವ್ಯವಸ್ಥೆಯ ಪಾಪವೆಂಬ ಮಾತು ಯಾರೂ ತಪ್ಪು ಮಾಡಲಿಲ್ಲವೆಂಬ ಅರ್ಥವನ್ನು ಪಡೆಯದಂತೆ ಎರಡನೆಯ ಸಂಪುಟವು ಗುಪ್ತಚರ ವಿಭಾಗಗಳ ರಚನೆಯನ್ನೂ ಕಾರ್ಯವಿಧಾನವನ್ನೂ ತೋರಿಸಿಕೊಡುತ್ತದೆ.

ಹೀಗೆ ಅಳೆದು ಬಂದ ಫಲಿತಾಂಶ ಸ್ಪಷ್ಟವಾಗಿತ್ತು: ಉಲ್ಲಂಘನೆಗಳ ಬಹುಪಾಲು ಸೈನ್ಯ ಮತ್ತು ಅದರ ಅಂಗಪಡೆಗಳದು. ವಿಶ್ವಸಂಸ್ಥೆಯ ಬೆಂಬಲದ ಸತ್ಯ ಆಯೋಗ 1999ರ ಫೆಬ್ರವರಿ 25ರಂದು ತನ್ನ ವರದಿಯನ್ನು ಪ್ರಕಟಿಸಿದಾಗ ಆ ಅಳತೆ ದೃಢಪಟ್ಟಿತು. ಸತ್ತವರು ಮತ್ತು ಕಣ್ಮರೆಯಾದವರು ಎರಡು ಲಕ್ಷಕ್ಕೂ ಹೆಚ್ಚೆಂದು ಅಂದಾಜಿಸಿದ ಆಯೋಗ, ತಾನು ದಾಖಲಿಸಿದ ಉಲ್ಲಂಘನೆಗಳಲ್ಲಿ ಶೇ. 93ರಷ್ಟಕ್ಕೆ ಸರ್ಕಾರಿ ಪಡೆಗಳನ್ನೂ ಅವುಗಳ ಅಂಗಪಡೆಗಳನ್ನೂ, ಶೇ. 3ರಷ್ಟಕ್ಕೆ ಗೆರಿಲ್ಲಾಗಳನ್ನೂ ಹೊಣೆ ಮಾಡಿತು. ಗುರುತು ಸಿಕ್ಕ ಬಲಿಪಶುಗಳಲ್ಲಿ ಶೇ. 83ರಷ್ಟು ಮಂದಿ ಮಾಯಾ ಜನರು. 1981 ಮತ್ತು 1983ರ ನಡುವೆ ನಾಲ್ಕು ಪ್ರದೇಶಗಳಲ್ಲಿ ಸರ್ಕಾರಿ ಪಡೆಗಳು ಜನಾಂಗಹತ್ಯೆಯ ಕೃತ್ಯಗಳನ್ನು ಎಸಗಿದವು ಎಂಬುದೂ ಅದರ ನಿರ್ಣಯವಾಗಿತ್ತು.

ಅಳೆಯದೆ ಉಳಿದ ದೂರ

ಇಲ್ಲಿಂದ ನನ್ನ ಆಕ್ಷೇಪಗಳು ಆರಂಭವಾಗುತ್ತವೆ. ಮೊದಲನೆಯದು: ಹಗ್ಗವನ್ನು ಸೈನ್ಯದ ಶಿಬಿರದವರೆಗೆ ಧೈರ್ಯವಾಗಿ ಎಳೆದ ಈ ವರದಿ, ದೇವಾಲಯದ ಬಾಗಿಲವರೆಗೆ ಅಷ್ಟೇ ಬಿಗಿಯಾಗಿ ಎಳೆಯಲಿಲ್ಲ. ವರದಿಯಲ್ಲಿ ಎದ್ದು ಕಾಣುವ ಸಭೆ ರಕ್ತಸಾಕ್ಷಿಗಳ ಸಭೆ. ಅದು ಸುಳ್ಳಲ್ಲ. ಕಿಚೆಯ ಉಪದೇಶಿಗಳ ರಕ್ತ ಅದಕ್ಕೆ ಸಾಕ್ಷಿ. ಆದರೆ 1954ರಲ್ಲಿ ಚುನಾಯಿತ ಅಧ್ಯಕ್ಷ ಹಕೋಬೋ ಆರ್ಬೆನ್ಸ್ ಅವರ ಸರ್ಕಾರವನ್ನು ಅಮೆರಿಕದ ಬೆಂಬಲದಿಂದ ಉರುಳಿಸುವುದಕ್ಕೆ ಕೆಲವೇ ವಾರಗಳ ಮೊದಲು, ಕಮ್ಯುನಿಸಂ ವಿರುದ್ಧ ಜನರು ಎದ್ದುನಿಲ್ಲಬೇಕೆಂದು ಸುತ್ತೋಲೆ ಹೊರಡಿಸಿದವರು ಅದೇ ಕಥೀಡ್ರಲ್‌ನ ಆರ್ಚ್‌ಬಿಷಪರು. ಭೂಸುಧಾರಣೆಗೆ ಕೈಹಾಕಿದ ಸರ್ಕಾರ ಬಿತ್ತು. ಸೈನ್ಯದ ಯುಗ ಆರಂಭವಾಯಿತು. ಇತಿಹಾಸದ ಸಂಪುಟದಲ್ಲಿ ಆ ಕಾಲವನ್ನು ವಿವರಿಸುವುದು ಒಂದು ಮಾತು. ಆ ಕಾಲದಲ್ಲಿ ನಾವು ಎಲ್ಲಿ ನಿಂತಿದ್ದೆವೆಂದು ನಿವೇದಿಸಿಕೊಳ್ಳುವುದು ಬೇರೆಯೇ ಮಾತು. ಧರ್ಮೋಪದೇಶಕಾಂಡದ ವಿಧಿ ಹಿರಿಯರಿಂದ ಇತಿಹಾಸವನ್ನು ಕೇಳುವುದಿಲ್ಲ. ತಮ್ಮ ಕೈಗಳ ಬಗ್ಗೆ ಮಾತಾಡಲು ಹೇಳುತ್ತದೆ.

ಇದನ್ನು ಹೇಳುವಾಗ ಪ್ರೊಟೆಸ್ಟೆಂಟರಾದ ನಾವು ನೋಡುಗರ ಸಾಲಿನಲ್ಲಿ ಕುಳಿತುಕೊಳ್ಳುವಂತಿಲ್ಲ. ಹಿಂಸೆ ತನ್ನ ಶಿಖರ ಮುಟ್ಟಿದ ಅವಧಿಯಲ್ಲಿ ದೇಶವನ್ನಾಳಿದವನು ನಮ್ಮ ಗೀತೆಗಳನ್ನು ಹಾಡುತ್ತಿದ್ದವನು. 1982ರ ಮಾರ್ಚ್ 23ರ ಸೇನಾದಂಗೆಯಿಂದ ಅಧಿಕಾರಕ್ಕೆ ಬಂದು 1983ರ ಆಗಸ್ಟ್ 8ರಂದು ಪದಚ್ಯುತನಾದ ಜನರಲ್ ಎಫ್ರಾಯಿನ್ ರಿಯೋಸ್ ಮಾಂಟ್, ಕ್ಯಾಲಿಫೋರ್ನಿಯಾದ ಒಂದು ಮಿಷನ್ ಸಂಸ್ಥೆಯ ಮೂಲಕ ಬೆಳೆದ ‘ಎಲ್ ವೆರ್ಬೋ’ ಎಂಬ ಪೆಂತೆಕೊಸ್ತ ಸಭೆಯ ಸದಸ್ಯ. ಭಾನುವಾರಗಳಂದು ದೂರದರ್ಶನದಲ್ಲಿ ಕಾಣಿಸಿಕೊಂಡು ಕುಟುಂಬನೀತಿ, ಪ್ರಾಮಾಣಿಕತೆ, ಸಜ್ಜನಿಕೆಗಳ ಬಗ್ಗೆ ರಾಷ್ಟ್ರಕ್ಕೆ ಪ್ರಸಂಗ ಮಾಡುತ್ತಿದ್ದ. ಬೆಟ್ಟಗಳಲ್ಲಿ ‘ಬೀನ್ಸ್ ಮತ್ತು ಬಂದೂಕು’ ಎಂಬ ಹೆಸರಿನ ಕಾರ್ಯಾಚರಣೆ ನಡೆಯುತ್ತಿತ್ತು: ಸೈನ್ಯದ ಪಕ್ಷ ಸೇರಿದವರಿಗೆ ಆಹಾರ, ಸೇರದವರಿಗೆ ಗುಂಡು. ಮುಖ ತೋರಿಸದ ನ್ಯಾಯಾಧೀಶರ ವಿಶೇಷ ನ್ಯಾಯಾಲಯಗಳು ಮರಣದಂಡನೆ ವಿಧಿಸುತ್ತಿದ್ದವು. 1983ರ ಮಾರ್ಚ್‌ನಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಅವರ ಭೇಟಿಗೆ ಕೆಲವೇ ದಿನಗಳಿರುವಾಗ, ಕ್ಷಮೆಯ ವಿನಂತಿಯನ್ನು ತಳ್ಳಿಹಾಕಿ ಆರು ಮಂದಿಯನ್ನು ಗುಂಡಿಟ್ಟು ಕೊಲ್ಲಲಾಯಿತು.

ಅಮೆರಿಕದ ಹೆಸರಾಂತ ಸುವಾರ್ತಾ ಬೋಧಕರು ಈ ಅಧ್ಯಕ್ಷನಲ್ಲಿ ದೇವರ ಸೇವಕನನ್ನು ಕಂಡರು. ಪ್ರಾರ್ಥನೆಯನ್ನೂ ಹಣವನ್ನೂ ಕೂಡಿಸಲು ಮುಂದಾದರು. 1982ರ ಡಿಸೆಂಬರ್ 4ರಂದು ಹೊಂಡುರಾಸ್‌ನಲ್ಲಿ ಅವನನ್ನು ಭೇಟಿಯಾದ ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್, ಅವನ ಮೇಲೆ ಅನ್ಯಾಯದ ಆರೋಪ ಹೊರಿಸಲಾಗುತ್ತಿದೆ ಎಂಬರ್ಥದ ಮಾತನ್ನಾಡಿದರು. ಅದಾದ ಕೆಲವೇ ದಿನಗಳಲ್ಲಿ ದೋಸ್ ಎರ್ರೆಸ್ ಎಂಬ ಹಳ್ಳಿಯಲ್ಲಿ ಸೈನ್ಯದ ವಿಶೇಷ ದಳ ಹೆಂಗಸರು ಮಕ್ಕಳೆನ್ನದೆ ಇನ್ನೂರಕ್ಕೂ ಹೆಚ್ಚು ಜನರನ್ನು ಕೊಂದು, ಅನೇಕರ ಶವಗಳನ್ನು ಊರಿನ ಬಾವಿಗೆ ಎಸೆಯಿತು.

ರೋಮಾಪುರದವರಿಗೆ ಬರೆದ ಪತ್ರಿಕೆಯ 13ನೆಯ ಅಧ್ಯಾಯವನ್ನು ನಾವು ಬಳಸುವ ರೀತಿಗೆ ಇದಕ್ಕಿಂತ ಕಠಿಣವಾದ ಪರೀಕ್ಷೆ ಬೇರೆಯಿಲ್ಲ. ಅಧಿಕಾರವು ದೇವರಿಂದ ನೇಮಿತವಾದದ್ದೆಂದು ಪೌಲನು ಹೇಳುವಾಗಲೇ ಆ ನೇಮಕದ ಉದ್ದೇಶವನ್ನೂ ಹೇಳುತ್ತಾನೆ: ಒಳ್ಳೆಯದನ್ನು ಮಾಡುವವರಿಗೆ ಹಿತವಾಗುವುದು, ಕೆಟ್ಟದ್ದನ್ನು ಮಾಡುವವರಿಗೆ ಭಯವಾಗುವುದು. ಸೇವಕನೆಂಬ ಪದಕ್ಕೆ ಲೆಕ್ಕ ಒಪ್ಪಿಸಬೇಕಾದವನೆಂಬ ಅರ್ಥ ಸೇರಿಯೇ ಇದೆ. ಲೆಕ್ಕ ಕೊಡದ ಸೇವಕನನ್ನು ಯೇಸುವಿನ ಸಾಮ್ಯಗಳಲ್ಲಿ ಯಾವ ಯಜಮಾನನೂ ಮನ್ನಿಸುವುದಿಲ್ಲ. ಆದ್ದರಿಂದ ಸರ್ಕಾರದಿಂದ ಲೆಕ್ಕ ಕೇಳುವುದು ಈ ಅಧ್ಯಾಯದ ಉಲ್ಲಂಘನೆಯಲ್ಲ, ಅದರ ಪಾಲನೆ. ಗ್ವಾಟೆಮಾಲಾದ ಅನೇಕ ಸಭೆಗಳಲ್ಲಿ ಅದು ತಿರುವುಮುರುವಾಯಿತು. ಅಧಿಕಾರಿಯ ಬಾಯಲ್ಲಿ ಸತ್ಯವೇದದ ವಚನವಿದೆ ಎಂಬುದೇ ಅವನ ಕೈಗಳು ಶುದ್ಧವೆಂಬುದಕ್ಕೆ ಪ್ರಮಾಣವಾಯಿತು. ಸತ್ತವರಲ್ಲಿ ಪ್ರೊಟೆಸ್ಟೆಂಟ್ ಮಾಯಾ ವಿಶ್ವಾಸಿಗಳೂ ಇದ್ದರೆಂಬುದು ಆ ಪ್ರಮಾಣದ ಮುಂದೆ ಲೆಕ್ಕಕ್ಕೆ ಬರಲಿಲ್ಲ. ಬಿಷಪರ ಕಚೇರಿಯಿಂದ ಹೊರಟ ಈ ವರದಿ ಆ ಕೆಲಸವನ್ನು ನಮ್ಮ ಪರವಾಗಿ ಮಾಡಲು ಸಾಧ್ಯವಿರಲಿಲ್ಲ. ಅದನ್ನು ನಾವೇ ಮಾಡಬೇಕಾಗಿತ್ತು.

ಗುಣವಾಗುವುದೂ ನ್ಯಾಯ ಸಿಗುವುದೂ

ಎರಡನೆಯ ಆಕ್ಷೇಪ ಇನ್ನೂ ಸೂಕ್ಷ್ಮವಾದದ್ದು. ವರದಿಯ ಒಟ್ಟು ಧ್ವನಿ ಪಾಲನಾಸೇವೆಯದು: ಸತ್ಯವನ್ನು ಹೇಳಿಕೊಳ್ಳುವುದರಿಂದ ಗಾಯ ಮಾಯುತ್ತದೆ, ಮಾಯ್ದ ಜನರು ಸಮಾಧಾನದ ಹಾದಿ ಹಿಡಿಯುತ್ತಾರೆ. ನ್ಯಾಯದ ಬೇಡಿಕೆ ಅದರಲ್ಲಿ ಇಲ್ಲವೆಂದಲ್ಲ. ಆದರೆ ಸಾಕ್ಷಿಯ ಚಿತ್ರ ಹೆಚ್ಚಾಗಿ ಗಾಯಗೊಂಡವನ ಚಿತ್ರ. ಗಾಯಗೊಂಡವನಿಗೆ ಆರೈಕೆ ಬೇಕು, ನಿಜ. ಜೊತೆಗೆ ಅವನು ನಾಗರಿಕನೂ ಹೌದು. ತನ್ನ ಸರ್ಕಾರವನ್ನು ಕಟಕಟೆಯಲ್ಲಿ ನಿಲ್ಲಿಸುವ ಹಕ್ಕುಳ್ಳವನು. ಲೂಕ 18ರ ವಿಧವೆ ನ್ಯಾಯಾಧಿಪತಿಯ ಬಳಿಗೆ ಸಾಂತ್ವನಕ್ಕಾಗಿ ಹೋಗಲಿಲ್ಲ, ತೀರ್ಪಿಗಾಗಿ ಹೋದಳು. 2 ಸಮುವೇಲ 21ರಲ್ಲಿ ಮಕ್ಕಳ ಶವಗಳನ್ನು ಹಗಲು ಹಕ್ಕಿಗಳಿಂದಲೂ ರಾತ್ರಿ ಮೃಗಗಳಿಂದಲೂ ಕಾದ ರಿಚ್ಪಳ ದುಃಖ ಅರಸನ ಕಿವಿಗೆ ಬಿದ್ದು, ಅವನು ಎದ್ದು ಕ್ರಮ ಕೈಗೊಳ್ಳುವಂತೆ ಮಾಡಿತು. ಅವಳನ್ನು ಸಮಾಧಾನಪಡಿಸಿ ಮನೆಗೆ ಕಳುಹಿಸಿದ್ದರೆ ಆ ಅಧ್ಯಾಯ ಅಲ್ಲಿಗೇ ಮುಗಿಯುತ್ತಿತ್ತು.

ಈ ವ್ಯತ್ಯಾಸ 2013ರಲ್ಲಿ ಕಣ್ಣಿಗೆ ಕಾಣುವಂತಾಯಿತು. ಆ ವರ್ಷ ರಿಯೋಸ್ ಮಾಂಟ್ ಗ್ವಾಟೆಮಾಲಾದ ನ್ಯಾಯಾಲಯದಲ್ಲಿ ಜನಾಂಗಹತ್ಯೆಯ ಆರೋಪ ಎದುರಿಸಿದ. ಇಶಿಲ್ ಮಾಯಾ ಸಮುದಾಯದ ಸಾಕ್ಷಿಗಳು ಒಬ್ಬರಾದ ಮೇಲೆ ಒಬ್ಬರು ಬಂದು ತಮ್ಮ ಭಾಷೆಯಲ್ಲಿ ಮಾತಾಡಿದರು. ಅತ್ಯಾಚಾರಕ್ಕೊಳಗಾದ ಹೆಂಗಸರು ಸೆರಗಿನಂಥ ಬಣ್ಣದ ವಸ್ತ್ರದಿಂದ ಮುಖ ಮುಚ್ಚಿಕೊಂಡು ಸಾಕ್ಷ್ಯ ನುಡಿದರು. ಹೆಚ್ಚುಕಡಿಮೆ ಅದೇ ನೋವನ್ನು ಹಿಂದೆ ಸಭೆಯ ಧ್ವನಿಮುದ್ರಣ ಯಂತ್ರಗಳು ಕೇಳಿದ್ದವು. ಆದರೆ ಈಗ ಆ ನೋವಿನ ಎದುರಿಗೆ ಆರೋಪಿಯೂ ಕುಳಿತಿದ್ದ. ಅದನ್ನು ಕೇಳಿಸಿಕೊಳ್ಳದೆ ಅವನಿಗೆ ಗತ್ಯಂತರವಿರಲಿಲ್ಲ. ನ್ಯಾಯಾಧೀಶೆ ಯಾಸ್ಮಿನ್ ಬಾರಿಯೋಸ್ ಅವರ ಪೀಠ ಮೇ 10ರಂದು 1,771 ಇಶಿಲ್ ಜನರ ಹತ್ಯೆಗೆ ಸಂಬಂಧಿಸಿದಂತೆ ಅವನನ್ನು ತಪ್ಪಿತಸ್ಥನೆಂದು ನಿರ್ಣಯಿಸಿ 80 ವರ್ಷಗಳ ಸೆರೆವಾಸ ವಿಧಿಸಿತು. ಮಾಜಿ ರಾಷ್ಟ್ರಾಧ್ಯಕ್ಷನೊಬ್ಬನನ್ನು ಅವನದೇ ದೇಶದ ನ್ಯಾಯಾಲಯವು ಜನಾಂಗಹತ್ಯೆಗಾಗಿ ಶಿಕ್ಷಿಸಿದ್ದು ಅದೇ ಮೊದಲು. ಹತ್ತು ದಿನಗಳಲ್ಲಿ, ಮೇ 20ರಂದು, ಸಾಂವಿಧಾನಿಕ ನ್ಯಾಯಾಲಯ ಆ ತೀರ್ಪನ್ನು ರದ್ದುಗೊಳಿಸಿತು. ಮರುವಿಚಾರಣೆ ಮುಗಿಯುವ ಮುನ್ನವೇ, 2018ರ ಏಪ್ರಿಲ್ 1ರಂದು ಅವನು ತೀರಿಕೊಂಡ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಮತ್ತೊಂದು ಪೀಠ, ಸಹ ಆರೋಪಿಯಾಗಿದ್ದ ಅವನ ಗುಪ್ತಚರ ಮುಖ್ಯಸ್ಥನನ್ನು ಬಿಡುಗಡೆ ಮಾಡುತ್ತಲೇ, ಇಶಿಲ್ ಜನರ ಮೇಲೆ ಸೈನ್ಯ ಜನಾಂಗಹತ್ಯೆ ನಡೆಸಿದ್ದು ನಿಜವೆಂದು ಘೋಷಿಸಿತು.

ಹತ್ತೇ ದಿನ ನಿಂತ ತೀರ್ಪಿನಿಂದ ಏನು ಫಲವೆಂದು ಕೇಳಬಹುದು. ಫಲ ಇದು: ಊರಿನವರು ಸರ್ಕಾರವನ್ನು ಹೆಸರು ಹಿಡಿದು ಕರೆದರು, ಸರ್ಕಾರ ಬಂದು ನಿಲ್ಲಬೇಕಾಯಿತು. ಸಭೆಯ ವರದಿ ಇಲ್ಲದಿದ್ದರೆ ಈ ದಿನ ಬರುತ್ತಿರಲಿಲ್ಲವೇನೋ. ಆದರೆ ವರದಿಯಲ್ಲಿಯೇ ನಿಂತುಬಿಟ್ಟಿದ್ದರೂ ಈ ದಿನ ಬರುತ್ತಿರಲಿಲ್ಲ. ಸ್ಮರಣೆ ತನ್ನಷ್ಟಕ್ಕೆ ಹೊಣೆಗಾರಿಕೆಯಲ್ಲ. ಅದು ಹೊಣೆಗಾರಿಕೆಯ ಮೊದಲ ಹೆಜ್ಜೆ. ನಮ್ಮ ದೈವಶಾಸ್ತ್ರದಲ್ಲಿ ‘ಸಮಾಧಾನದ ಸೇವೆ’ ಎಂಬ ಮಾತು ಈ ಎರಡನೆಯ ಹೆಜ್ಜೆಯನ್ನು ದಾಟಿ ಹಾರಿಬಿಡುವ ಅಪಾಯವಿದೆ. ನೊಂದವನು ತನ್ನ ಪಾಲಿನ ಕ್ಷಮೆಯನ್ನು ಕೊಡಬಹುದು; ಅದು ಅವನ ಮತ್ತು ಅವನ ಕರ್ತನ ನಡುವಿನ ಸ್ವಾತಂತ್ರ್ಯ. ಸತ್ತವರ ಪರವಾಗಿ ಕ್ಷಮಿಸುವ ಅಧಿಕಾರ ಸಭೆಗಿಲ್ಲ. ತನ್ನನ್ನು ತಾನೇ ಕ್ಷಮಿಸಿಕೊಳ್ಳುವ ಅಧಿಕಾರ ಸರ್ಕಾರಕ್ಕಂತೂ ಇಲ್ಲ. 1996ರ ಡಿಸೆಂಬರ್‌ನಲ್ಲಿ ಗ್ವಾಟೆಮಾಲಾದ ಸಂಸತ್ತು ಅಂಗೀಕರಿಸಿದ ‘ರಾಷ್ಟ್ರೀಯ ಸಮಾಧಾನ ಕಾನೂನು’ ಅನೇಕ ಅಪರಾಧಗಳಿಗೆ ಕ್ಷಮಾದಾನ ನೀಡಿದರೂ, ಜನಾಂಗಹತ್ಯೆ, ಚಿತ್ರಹಿಂಸೆ, ಬಲವಂತದ ಕಣ್ಮರೆಗಳನ್ನು ಹೊರಗಿಟ್ಟಿತು. ಲೌಕಿಕ ಶಾಸನವೊಂದು ಕಂಡುಕೊಂಡ ಆ ಎಲ್ಲೆಯನ್ನು ನಮ್ಮ ಪ್ರಸಂಗಗಳು ಎಷ್ಟೋ ಸಲ ಕಾಣುವುದಿಲ್ಲ.

ಮನೆಯೊಳಗಿನ ದೂರ

ವರದಿ ಬರೆದು ಮುಗಿಸಿದ ಮೇಲೆ ನಡೆದ ಎರಡು ಸಂಗತಿಗಳು, ಅದು ಅಳೆಯದೆ ಬಿಟ್ಟ ದೂರವನ್ನು ತಾವೇ ಅಳೆದು ತೋರಿಸಿದವು. ಬಿಷಪ್ ಹೆರಾರ್ದಿಯವರ ಕೊಲೆಗಾಗಿ 2001ರ ಜೂನ್‌ನಲ್ಲಿ ನ್ಯಾಯಾಲಯ ಸೈನ್ಯಕ್ಕೆ ಸೇರಿದ ಮೂವರನ್ನು ಶಿಕ್ಷಿಸಿತು. ಅವರೊಂದಿಗೆ ತಪ್ಪಿತಸ್ಥನೆನಿಸಿದ ನಾಲ್ಕನೆಯವನು ಅದೇ ವಸತಿಗೃಹದಲ್ಲಿ ಬಿಷಪರೊಡನೆ ವಾಸಿಸುತ್ತಿದ್ದ ಪಾದ್ರಿ. ಇನ್ನೊಂದು ಸಂಗತಿ: ಹೆರಾರ್ದಿಯವರ ನಂತರ ಆ ಮಾನವ ಹಕ್ಕುಗಳ ಕಚೇರಿಯ ಹೊಣೆ ಹೊತ್ತವರು ಬಿಷಪ್ ಮಾರಿಯೋ ಎನ್ರಿಕೆ ರಿಯೋಸ್ ಮಾಂಟ್, ಅವರು ಜನರಲ್‌ನ ಸ್ವಂತ ತಮ್ಮ. ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬನ ಆಳ್ವಿಕೆಯಲ್ಲಿ ಬಿದ್ದ ಶವಗಳ ಲೆಕ್ಕವನ್ನು ಇನ್ನೊಬ್ಬನ ಕಚೇರಿ ಕಾಯಬೇಕಾಯಿತು.

ಅಪರಾಧ ಮತ್ತು ಸಾಕ್ಷ್ಯಗಳ ನಡುವಿನ ಗಡಿ ಸಭೆಗೂ ಸರ್ಕಾರಕ್ಕೂ ನಡುವೆ ನೇರವಾಗಿ ಹಾದುಹೋಗುವುದಿಲ್ಲ ಎಂಬುದನ್ನು ಇವು ನಮಗೆ ನೆನಪಿಸುತ್ತವೆ. ಅದು ಸಭೆಯ ನಡುವೆಯೇ, ಕೆಲವೊಮ್ಮೆ ಒಂದು ಮನೆಯ ಪಡಸಾಲೆಯ ನಡುವೆಯೇ ಹಾದುಹೋಗುತ್ತದೆ. ಸರ್ಕಾರವನ್ನು ಪ್ರಶ್ನಿಸುವ ನೈತಿಕ ಅಧಿಕಾರ ಸಭೆಗೆ ತನ್ನ ನಿರ್ಮಲತೆಯಿಂದ ಬರುವುದಿಲ್ಲ. ಹಾಗೆ ಬರುವುದಾದರೆ ಯಾವ ಸಭೆಯೂ ಬಾಯಿ ತೆರೆಯುವಂತಿಲ್ಲ. ಅದು ಬರುವುದು, ಅದೇ ಹಗ್ಗದಿಂದ ತನ್ನನ್ನೂ ಅಳೆದುಕೊಳ್ಳಲು ಒಪ್ಪುವುದರಿಂದ. ದಾವೀದನ ಮುಂದೆ ನಿಂತ ನಾತಾನನು ಅರಮನೆಗೆ ಹೊರಗಿನವನಾಗಿರಲಿಲ್ಲ. ದಾವೀದನ ಮನೆತನಕ್ಕೆ ದೇವರ ವಾಗ್ದಾನವನ್ನು ತಂದವನೂ ಅವನೇ. ಅರಸನ ತಪ್ಪನ್ನು ತೋರಿಸಿದಾಗ ಅವನು ತನ್ನ ಹಳೆಯ ಮಾತಿನ ಸುಖವನ್ನೂ ಪಣಕ್ಕಿಡಬೇಕಾಯಿತು.

ನಮ್ಮ ಕೈಯಲ್ಲಿರುವ ಹಗ್ಗ

ಗ್ವಾಟೆಮಾಲಾವನ್ನು ಕರ್ನಾಟಕದ ರೂಪಕವಾಗಿಸುವುದು ಅಲ್ಲಿನ ಸತ್ತವರಿಗೂ ಇಲ್ಲಿನ ವಾಸ್ತವಕ್ಕೂ ಅನ್ಯಾಯ. ಆದರೂ ಈ ವರದಿಯನ್ನು ಓದಿ ಮುಚ್ಚಿಟ್ಟ ಕನ್ನಡದ ಓದುಗನು ಒಂದು ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾರ: ನಮ್ಮಲ್ಲಿ ಸಮವಸ್ತ್ರದ ಕೈಯಿಂದ ನೊಂದವರ ಮಾತನ್ನು ಕೇಳಿ ಬರೆದಿಟ್ಟವರು ಯಾರು? ವೀರಪ್ಪನ್ ಬೇಟೆಯ ವರ್ಷಗಳಲ್ಲಿ ಮಲೆಮಹದೇಶ್ವರ ಬೆಟ್ಟದ ಸುತ್ತಲ ಹಳ್ಳಿಗಳಲ್ಲಿ ಕರ್ನಾಟಕ ಮತ್ತು ತಮಿಳುನಾಡುಗಳ ಜಂಟಿ ಕಾರ್ಯಪಡೆಯ ವಿರುದ್ಧ ಚಿತ್ರಹಿಂಸೆಯ ಹಾಗೂ ಅತ್ಯಾಚಾರದ ದೂರುಗಳು ಬಂದವು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನಿವೃತ್ತ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ನೇತೃತ್ವದಲ್ಲಿ ಸಮಿತಿ ನೇಮಿಸಿತು. ಸಮಿತಿ ಹಳ್ಳಿಗರ ಸಾಕ್ಷ್ಯವನ್ನು ಕೇಳಿತು. 2007ರ ಜನವರಿಯಲ್ಲಿ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಕೊಡುವಂತೆ ಆಯೋಗ ಹೇಳಿತು. ಪರಿಹಾರಧನ ಸಣ್ಣ ವಿಷಯವಲ್ಲ. ಬಡವರ ಮನೆಗೆ ಅದು ಅನ್ನ. ಆದರೆ ಹಣ ಕೊಡುವುದೂ ಹೊಣೆ ಹೊರುವುದೂ ಒಂದೇ ಅಲ್ಲ. ಖಜಾನೆ ಹಣ ಕೊಡಬಲ್ಲದು, ಪಶ್ಚಾತ್ತಾಪ ಪಡಲಾರದು. ಆ ಕಾರ್ಯಕ್ಕೆ ವ್ಯಕ್ತಿಗಳು ಬೇಕು, ಹೆಸರುಗಳು ಬೇಕು.

ನಮ್ಮ ಕಾನೂನುಗಳಲ್ಲಿಯೂ ಅಳತೆಗೆ ನಿಲುಕದ ಸ್ಥಳಗಳಿವೆ. 1993ರ ಮಾನವ ಹಕ್ಕುಗಳ ಸಂರಕ್ಷಣಾ ಅಧಿನಿಯಮದ 19ನೆಯ ವಿಧಿಯಂತೆ ಸಶಸ್ತ್ರ ಪಡೆಗಳ ಮೇಲಿನ ದೂರುಗಳಲ್ಲಿ ಆಯೋಗವು ಕೇಂದ್ರ ಸರ್ಕಾರದಿಂದ ವರದಿ ತರಿಸಿಕೊಂಡು ಶಿಫಾರಸು ಮಾಡಬಹುದಷ್ಟೆ. ಘಟನೆ ನಡೆದು ಒಂದು ವರ್ಷ ಕಳೆದರೆ ಆಯೋಗ ಅದನ್ನು ವಿಚಾರಿಸುವಂತಿಲ್ಲವೆಂದು 36ನೆಯ ವಿಧಿ ಹೇಳುತ್ತದೆ. ಚಿತ್ರಹಿಂಸೆಯ ವಿರುದ್ಧದ ವಿಶ್ವಸಂಸ್ಥೆಯ ಒಡಂಬಡಿಕೆಗೆ ಭಾರತ 1997ರ ಅಕ್ಟೋಬರ್‌ನಲ್ಲಿ ಸಹಿ ಹಾಕಿದೆ. ಅದನ್ನು ಇನ್ನೂ ಅನುಮೋದಿಸಿಲ್ಲ. ಇವು ಪಕ್ಷರಾಜಕಾರಣದ ಮಾತುಗಳಲ್ಲ. ಹಲವು ಪಕ್ಷಗಳ ಸರ್ಕಾರಗಳು ಬಂದು ಹೋಗಿವೆ. ಈ ಅಂತರ ಹಾಗೆಯೇ ಉಳಿದಿದೆ.

ಸಭಾಪಾಲಕನಾಗಲು ಸಿದ್ಧನಾಗುತ್ತಿರುವವನಿಗೆ ಇದರಿಂದ ಬರುವ ಕೆಲಸ ದೊಡ್ಡ ಘೋಷಣೆಯದಲ್ಲ. 1 ತಿಮೊಥೆ 2ರ ಉಪದೇಶದಂತೆ ನಾವು ಪ್ರತಿ ಭಾನುವಾರ ಅಧಿಕಾರದಲ್ಲಿರುವವರಿಗಾಗಿ ವಿಜ್ಞಾಪಿಸುತ್ತೇವೆ. ಅದೇ ಪ್ರಾರ್ಥನೆಯಲ್ಲಿ ಅವರ ಕೈಯಿಂದ ನೊಂದವರಿಗೂ ಜಾಗವಿರಲಿ. ಠಾಣೆಯಲ್ಲಿ ಪೆಟ್ಟು ತಿಂದು ಬಂದವನು ನಮ್ಮ ಬಳಿ ಬಂದಾಗ, ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುವುದರ ಜೊತೆಗೆ, ಅವನ ಒಪ್ಪಿಗೆ ಪಡೆದು, ದಿನ, ಸಮಯ, ಸ್ಥಳಗಳನ್ನು ಅವನ ಮಾತಿನಲ್ಲಿಯೇ ಬರೆದಿಡಲು ನಾವು ಕಲಿಯಬೇಕು. ಒಂದು ವರ್ಷದ ಗಡುವು ಮೀರುವುದರೊಳಗೆ ಅವನು ವಕೀಲರ ಬಳಿಗೆ ಹೋಗುವಂತೆ ಜೊತೆಗೆ ನಡೆಯಬೇಕು. ನಮ್ಮ ವಿದ್ಯಾಲಯಗಳ ಪಾಲನಾಶಾಸ್ತ್ರದ ಪಾಠಗಳಲ್ಲಿ ಸಾಂತ್ವನ ಹೇಳುವ ಕ್ರಮಕ್ಕೆ ತಕ್ಕ ಸ್ಥಾನವಿದೆ. ಸಾಕ್ಷ್ಯ ಬರೆದಿಡುವ ಕ್ರಮಕ್ಕೂ ಅಂಥದೇ ಸ್ಥಾನ ಬೇಕು. ಕಿಚೆಯ ಬೆಟ್ಟಗಳಲ್ಲಿ ಅದನ್ನು ಮಾಡಿದವರು ಪಂಡಿತರಲ್ಲ, ಉಪದೇಶಿಗಳೂ ಸಾಮಾನ್ಯ ವಿಶ್ವಾಸಿಗಳೂ ಆಗಿದ್ದರು.

ಕೈತೊಳೆಯುವ ದೃಶ್ಯ ಸತ್ಯವೇದದಲ್ಲಿ ಮತ್ತೊಮ್ಮೆ ಬರುತ್ತದೆ. ಪಿಲಾತನು ಜನರ ಮುಂದೆ ನೀರು ತರಿಸಿ ಕೈತೊಳೆದುಕೊಂಡನು. ಧರ್ಮೋಪದೇಶಕಾಂಡದ ಹಿರಿಯರಂತೆಯೇ ಅವನೂ ತಾನು ನಿರಪರಾಧಿಯೆಂದನು. ಆದರೆ ಯಾವ ದೂರವನ್ನೂ ಅಳೆಯಲಿಲ್ಲ. ಅಳೆದಿದ್ದರೆ ಆ ಹಗ್ಗ ಅವನ ನ್ಯಾಯಾಸನದ ಬುಡದಲ್ಲಿಯೇ ಮುಗಿಯುತ್ತಿತ್ತು. ಗ್ವಾಟೆಮಾಲಾದ ವರದಿ ಅಪೂರ್ಣವಾದರೂ ಅಳೆಯುವ ಕೆಲಸವನ್ನು ಆರಂಭಿಸಿತು. ಅದು ನಿಲ್ಲಿಸಿದ ಸ್ಥಳದಿಂದ ಹಗ್ಗವನ್ನು ಎತ್ತಿಕೊಂಡು, ಮೊದಲು ನಮ್ಮ ಹೊಸ್ತಿಲಿಗೂ ಅಲ್ಲಿಂದ ಅಧಿಕಾರದ ಹೊಸ್ತಿಲಿಗೂ ಎಳೆಯುವುದು ಅದನ್ನು ಓದಿದವರ ಪಾಲಿಗೆ ಉಳಿದಿರುವ ಕೆಲಸ.